ಫಾದರ್‌ಗಳ ಯೂನಿವರ್ಸಿಟಿಯಲ್ಲಿ ತತ್ವಶಾಸ್ತ್ರ: ಹಾಸನ, ಚಿಕ್ಕಮಗಳೂರಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದ ಮರುದಿನದಿಂದ ನನ್ನ ಫೋನಿಗೆ ಬಿಡುವಿರುವುದಿಲ್ಲ. ನಮ್ಮಪ್ಪ ಆಲೂರು ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ನಾನು ಹಾಸನದಲ್ಲಿ ಬಿ.ಎ. ಮುಗಿಸಿ, ಬೆಂಗಳೂರಿನ ಒಂದು ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದೆ. ಬದುಕಿನ ನಿಜ ಬಿಕ್ಕಟ್ಟುಗಳಲ್ಲಿ ಸರಿ ತಪ್ಪು ತೂಗುವ ಅನ್ವಯಿಕ ನೀತಿಶಾಸ್ತ್ರ ನನ್ನ ವಿಶೇಷ ಅಧ್ಯಯನದ ವಿಷಯವಾಗಿತ್ತು. ಈಗ ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತೇನೆ. ಹಾಗಾಗಿ ಮಕ್ಕಳಿಗಿಂತ ಹೆಚ್ಚಾಗಿ ಅಪ್ಪ ಅಮ್ಮಂದಿರು, ಒಮ್ಮೊಮ್ಮೆ ಅಜ್ಜಂದಿರೂ ಕೇಳುತ್ತಾರೆ. ಅದೇ ಉತ್ತರವನ್ನು ನೂರು ಸಲ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

ಮೇಡಂ, ತತ್ವಶಾಸ್ತ್ರ ಅಂದ್ರೆ ಮಠದಲ್ಲಿ ಹೇಳೋ ಪ್ರವಚನ ತಾನೆ?

ಅಲ್ಲ. ಬೇಲೂರಿಗೆ ಹೋಗಿದ್ದೀರಲ್ಲ, ಅಲ್ಲಿಂದಲೇ ಹೇಳುತ್ತೇನೆ. ಚೆನ್ನಕೇಶವ ದೇವಸ್ಥಾನದ ಶಾಸನವೊಂದರಲ್ಲಿ ‘ಯಂ ಶೈವಾಃ ಸಮುಪಾಸತೇ ಶಿವ ಇತಿ’ ಎಂದು ಶುರುವಾಗುವ ಶ್ಲೋಕವಿದೆ. ಶೈವರು ಶಿವ ಎಂದು, ವೇದಾಂತಿಗಳು ಬ್ರಹ್ಮ ಎಂದು, ಬೌದ್ಧರು ಬುದ್ಧ ಎಂದು, ನೈಯಾಯಿಕರು (ನ್ಯಾಯ ದರ್ಶನದ ತಾರ್ಕಿಕರು) ಕರ್ತ ಎಂದು, ಜೈನರು ಅರ್ಹಂತ ಎಂದು, ಮೀಮಾಂಸಕರು ಕರ್ಮ ಎಂದು ಯಾರನ್ನು ಕರೆಯುತ್ತಾರೋ ಅವನೇ ನಿಮ್ಮ ಇಷ್ಟಾರ್ಥವನ್ನು ಈಡೇರಿಸಲಿ ಎಂಬುದು ಅದರ ಸಾರ. ಗೈಡು ಇದನ್ನು ಹೇಳಿ, ‘ನೋಡಿ ಸಾರ್, ಎಂಥಾ ಸೌಹಾರ್ದ’ ಅನ್ನುತ್ತಾನೆ. ನಾವು ತಲೆದೂಗಿ ಮುಂದಿನ ಕಂಬಕ್ಕೆ ಹೋಗುತ್ತೇವೆ.

ತತ್ವಶಾಸ್ತ್ರದ ವಿದ್ಯಾರ್ಥಿಗೆ ಮಾತ್ರ ಅಲ್ಲಿಂದ ಕಾಲು ಕೀಳಲು ಆಗುವುದಿಲ್ಲ. ಜಗತ್ತಿಗೊಬ್ಬ ಕರ್ತೃ ಇದ್ದೇ ಇದ್ದಾನೆ ಎಂದು ಹಠ ಹಿಡಿದವನು ನೈಯಾಯಿಕ. ಅಂಥವನೊಬ್ಬ ಬೇಕಾಗಿಯೇ ಇಲ್ಲ ಎಂದವನು ಬೌದ್ಧ. ಇಬ್ಬರೂ ಒಂದನ್ನೇ ಹೇಳುತ್ತಿದ್ದಾರೆ ಅಂದರೆ ಇಬ್ಬರ ಮಾತನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದಾಗುವುದಿಲ್ಲವೇ? ಅಥವಾ ಹೆಸರು ಬೇರೆಯಾಗಿ ವಸ್ತು ಒಂದೇ ಆಗಿರುವ ಬಗೆ ಯಾವುದಾದರೂ ಇದೆಯೇ? ಈ ಜಗಳವನ್ನು ಕೈಕೈ ಮಿಲಾಯಿಸದೆ, ವಾದದಿಂದಲೇ ಎಲ್ಲಿಯವರೆಗೆ ಕೊಂಡೊಯ್ಯಬಹುದು ಎಂದು ನೋಡುವುದೇ ನಮ್ಮ ಕೆಲಸ. ಪ್ರವಚನದಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ಇಲ್ಲಿ ಹಾಗಲ್ಲ.

ಕ್ಯಾಥೊಲಿಕ್ ಯೂನಿವರ್ಸಿಟಿ ಅಂದ್ರೆ ನಮ್ಮೂರ ಕಾನ್ವೆಂಟೇ ದೊಡ್ಡದಾಗಿರೋದಾ?

ಒಂದು ಮಟ್ಟಿಗೆ ಹೌದು. ನಮ್ಮ ಎರಡೂ ಜಿಲ್ಲೆಗಳು 1963ರಲ್ಲಿ ಮೈಸೂರಿನಿಂದ ಬೇರೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ (ಒಬ್ಬ ಬಿಷಪ್ಪರ ಸುಪರ್ದಿನ ಪ್ರದೇಶ) ಸೇರುತ್ತವೆ. ಇಲ್ಲಿ ಕಾನ್ವೆಂಟ್ ಮೆಟ್ಟಿಲು ಹತ್ತದ ಮನೆ ಕಡಿಮೆ. ಆದರೆ ವಿಶ್ವವಿದ್ಯಾಲಯಗಳನ್ನು ಹೆಚ್ಚಾಗಿ ನಡೆಸುವುದು ಧರ್ಮಪ್ರಾಂತ್ಯಗಳಲ್ಲ, ಸನ್ಯಾಸಿ ಸಭೆಗಳು. ಮಂಗಳೂರಿನ ಅಲೋಶಿಯಸ್ 1880ರದು, ಜೆಸ್ವಿಟರದು, 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಬೆಂಗಳೂರಿನ ಸೇಂಟ್ ಜೋಸೆಫ್ಸ್ 1882ರಲ್ಲಿ ಶುರುವಾಗಿ, 1937ರಲ್ಲಿ ಜೆಸ್ವಿಟರ ಕೈಗೆ ಬಂದು, 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಕ್ರೈಸ್ಟ್ 1969ರದು, ಅದನ್ನು ನಡೆಸುವವರು ಕೇರಳದಲ್ಲಿ 1831ರಲ್ಲಿ ಹುಟ್ಟಿದ ಸಿಎಂಐ ಸಭೆಯವರು, ಡೀಮ್ಡ್ ಆದದ್ದು 2008ರಲ್ಲಿ.

ಇವುಗಳ ಪಕ್ಕದಲ್ಲಿ ಇನ್ನೊಂದು ಬಗೆಯ ಸಂಸ್ಥೆಗಳಿವೆ. ಬೆಂಗಳೂರಿನ ಧರ್ಮಾರಾಮ್ ವಿದ್ಯಾ ಕ್ಷೇತ್ರ, ಪುಣೆಯ ಜ್ಞಾನ ದೀಪ ಇಂಥವು. ಅಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಎರಡನ್ನೂ ಓದಬಹುದು, ಪದವಿ ಕೊಡುವ ಅಧಿಕಾರ ಬಂದಿರುವುದು ರೋಮಿನಿಂದ. ಮುಖ್ಯವಾಗಿ ಫಾದರ್ ಆಗುವವರಿಗೆಂದು ಕಟ್ಟಿದ್ದಾದರೂ ಬೇರೆಯವರೂ ಹೋಗಿ ಓದಿದ್ದಾರೆ. ಪಾಠ ಗಟ್ಟಿ. ಆದರೆ ಮುಂದೆ ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಬರೆಯಬೇಕು, ಸರ್ಕಾರಿ ಕಾಲೇಜಿಗೆ ಅರ್ಜಿ ಹಾಕಬೇಕು ಅನ್ನುವವರು ಸೇರುವ ಮೊದಲೇ ‘ಈ ಪದವಿಗೆ ಯುಜಿಸಿ ಮಾನ್ಯತೆ ಇದೆಯೇ’ ಎಂದು ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ. ಇದನ್ನು ಕೇಳಲು ನಾಚಿಕೊಂಡು ಎರಡು ವರ್ಷ ಕಳೆದುಕೊಂಡವರನ್ನು ಕಂಡಿದ್ದೇನೆ.

ನಾವು ಕ್ರಿಶ್ಚಿಯನ್ನರಲ್ಲ. ಮಗಳನ್ನು ಚರ್ಚಿಗೆ ಕರೆದುಕೊಂಡು ಹೋಗ್ತಾರಾ? ಮತಾಂತರ ಮಾಡ್ತಾರಾ?

ಎಲ್ಲರೂ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ನೇರವಾಗಿಯೇ ಹೇಳುತ್ತೇನೆ. ಸಂವಿಧಾನದ 28ನೇ ವಿಧಿಯ ಮೂರನೇ ಉಪವಿಧಿ ಓದಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಿಕ್ಷಣ ಸಂಸ್ಥೆಯೂ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ, ಮೈನರ್ ಆಗಿದ್ದರೆ ಪೋಷಕರ ಒಪ್ಪಿಗೆ ಇಲ್ಲದೆ, ಧಾರ್ಮಿಕ ಬೋಧನೆಗೆ ಅಥವಾ ಪೂಜೆಗೆ ಕೂರಿಸುವಂತಿಲ್ಲ.

ಕ್ಯಾಂಪಸ್ಸಿನಲ್ಲಿ ಪ್ರಾರ್ಥನಾಲಯವಿತ್ತು, ಬಲಿಪೂಜೆ (ಅವರ ‘ಮಾಸ್’) ನಡೆಯುತ್ತಿತ್ತು. ಕ್ರಿಸ್‌ಮಸ್‌ಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುತ್ತಿದ್ದರು, ನಾನೂ ಹುಲ್ಲು ಜೋಡಿಸಿದ್ದೇನೆ. ಬೆಳಗಿನ ಸಭೆಯಲ್ಲಿ ಎರಡು ನಿಮಿಷ ಪ್ರಾರ್ಥನೆ ಇರುತ್ತಿತ್ತು. ಬಾರದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಎರಡು ವರ್ಷದಲ್ಲಿ ಒಬ್ಬರೂ ನನ್ನ ದೇವರ ಬಗ್ಗೆ ಕೊಂಕು ನುಡಿಯಲಿಲ್ಲ. ಸಂಕಷ್ಟಿಯ ದಿನ ಹಾಸ್ಟೆಲಿನ ಸಿಸ್ಟರ್ ಒಬ್ಬರು ನನಗೆಂದು ಹಣ್ಣು ತೆಗೆದಿಡುತ್ತಿದ್ದರು. ನನಗೆ ನೋವಾದದ್ದು ಬೇರೆ ವಿಷಯಕ್ಕೆ. ಒಬ್ಬ ಅಧ್ಯಾಪಕರು ಮೊದಲ ಸೆಮಿನಾರಿನಲ್ಲಿ ನನ್ನ ಇಂಗ್ಲಿಷ್ ಕೇಳಿ ನಕ್ಕರು. ಧರ್ಮಕ್ಕೂ ಅದಕ್ಕೂ ಸಂಬಂಧವಿಲ್ಲ, ಅಂಥವರು ಎಲ್ಲಾ ಕಡೆ ಇರುತ್ತಾರೆ.

ಏನೇನು ಪಾಠ ಇರುತ್ತೆ? ಬೈಬಲ್ ಓದಿಸ್ತಾರಾ?

ಬೈಬಲ್ ದೈವಶಾಸ್ತ್ರದವರ ಪಾಲು. ಇಲ್ಲಿ ಮೊದಲು ತರ್ಕಶಾಸ್ತ್ರ. ಆಮೇಲೆ ಗ್ರೀಕರು, ಭಾರತೀಯ ದರ್ಶನಗಳು, ಮಧ್ಯಯುಗ, ದೆಕಾರ್ತ್‌ನಿಂದ ಕಾಂಟ್‌ವರೆಗಿನವರು, ಇಪ್ಪತ್ತನೇ ಶತಮಾನದವರು. ಜೊತೆಗೆ ಜ್ಞಾನಮೀಮಾಂಸೆ, ನೀತಿಶಾಸ್ತ್ರ, ರಾಜಕೀಯ ಚಿಂತನೆ. ಪಠ್ಯಕ್ರಮದ ಪಟ್ಟಿ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ. ಕ್ಯಾಥೊಲಿಕ್ ಸಂಸ್ಥೆಯ ಗುರುತು ಕಾಣುವುದು ಮಧ್ಯಯುಗದಲ್ಲಿ. ಬೇರೆ ಕಡೆ ಅರಿಸ್ಟಾಟಲ್‌ನಿಂದ ಸೀದಾ ದೆಕಾರ್ತ್‌ಗೆ ಹಾರುತ್ತಾರೆ, ನಡುವಿನ ಎರಡು ಸಾವಿರ ವರ್ಷ ಎಲ್ಲರೂ ಮಲಗಿದ್ದರು ಅನ್ನುವ ಹಾಗೆ. ಇಲ್ಲಿ ಅಲ್ಲೇ ತಂಗಿಸುತ್ತಾರೆ.

ತಂಗಿದ್ದು ಒಳ್ಳೆಯದೇ ಆಯಿತು. ಥಾಮಸ್ ಅಕ್ವಿನಾಸ್ ಎಂಬ ಹದಿಮೂರನೇ ಶತಮಾನದ ಸನ್ಯಾಸಿ ಬರೆಯುವ ಕ್ರಮ ನೋಡಿ. ‘ದೇವರಿದ್ದಾನೆಯೇ’ ಎಂದು ಪ್ರಶ್ನೆ ಎತ್ತುತ್ತಾನೆ. ಎತ್ತಿದ ಕೂಡಲೇ ‘ಇಲ್ಲ ಎಂದು ತೋರುತ್ತದೆ’ ಎಂದು ಬರೆಯುತ್ತಾನೆ! ಜಗತ್ತಿನಲ್ಲಿ ಇಷ್ಟು ಕೇಡಿರುವಾಗ ಇರಲು ಹೇಗೆ ಸಾಧ್ಯ ಎಂದು ಎದುರು ಪಕ್ಷದ ವಾದವನ್ನು ಸಾಧ್ಯವಾದಷ್ಟು ಚೂಪಾಗಿ ಮುಂದಿಡುತ್ತಾನೆ. ಆಮೇಲೆ ಒಂದು ವಿರುದ್ಧ ಮಾತು, ಆಮೇಲೆ ತನ್ನ ಉತ್ತರ, ಕೊನೆಗೆ ಮೊದಲಿನ ಒಂದೊಂದು ಆಕ್ಷೇಪಕ್ಕೂ ಸಮಾಧಾನ. ಶೃಂಗೇರಿಯ ಕಡೆಯ ಹುಡುಗನೊಬ್ಬ ನಮ್ಮ ಕ್ಲಾಸಿನಲ್ಲಿದ್ದ, ಅವರ ಅಜ್ಜ ವೇದಾಂತ ಪಾಠ ಹೇಳುತ್ತಿದ್ದವರು. ಇದನ್ನು ನೋಡಿದವನೇ ‘ಇದು ಪೂರ್ವಪಕ್ಷ, ಸಿದ್ಧಾಂತ ಅಲ್ಲವಾ ಫಾದರ್’ ಅಂದ. ಎದುರಾಳಿಯ ವಾದ ಮೊದಲು, ತನ್ನ ತೀರ್ಮಾನ ಆಮೇಲೆ ಎಂಬ ನಮ್ಮ ಶಾಸ್ತ್ರಗಳ ಕ್ರಮ ಅದು. ಫಾದರ್ ಆ ದಿನದ ಪಾಠ ನಿಲ್ಲಿಸಿ, ಮುಂದಿನ ವಾರ ಬ್ರಹ್ಮಸೂತ್ರ ಭಾಷ್ಯದ ಒಂದು ಅಧಿಕರಣವನ್ನು (ಒಂದು ವಿಷಯದ ಚರ್ಚೆಯ ಭಾಗ) ಅವನಿಂದಲೇ ಓದಿಸಿದರು.

ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಲು ಬಂದ ಮೇಲೆ ಬಾಯಿ ತೆರೆ ಎಂಬುದು ನಮ್ಮ ವಿಭಾಗದ ಅಲಿಖಿತ ನಿಯಮ. ನಾನು ಅಲ್ಲಿ ಕಲಿತದ್ದರಲ್ಲಿ ಇಂದಿಗೂ ದಿನಾ ಬಳಕೆಗೆ ಬರುವುದು ಇದೊಂದೇ. ಸ್ಟಾಫ್ ರೂಮಿನಲ್ಲಿ, ಅಣ್ಣ ತಮ್ಮಂದಿರ ಪಾಲಿನ ಜಗಳದಲ್ಲಿ, ಗ್ರಾಮ ಸಭೆಯಲ್ಲಿ.

ಅಕ್ವಿನಾಸ್ ಎಂದರೆ ಚರ್ಚಿನ ಅಧಿಕೃತ ದನಿ, ಹಾಗಾಗಿ ಪ್ರಶ್ನಾತೀತ ಎಂದೂ ತಿಳಿಯಬೇಡಿ. ಅವನು ಅರಬ್ ವಿದ್ವಾಂಸರಿಂದ, ಯಹೂದಿ ಚಿಂತಕ ಮೈಮೊನಿಡೀಸ್‌ನಿಂದ ಧಾರಾಳವಾಗಿ ಪಡೆದವನು. ತೀರಿಕೊಂಡ ಮೂರು ವರ್ಷಕ್ಕೆ, 1277ರಲ್ಲಿ, ಪ್ಯಾರಿಸ್ಸಿನ ಬಿಷಪ್ 219 ಹೇಳಿಕೆಗಳನ್ನು ಖಂಡಿಸಿ ಪಟ್ಟಿ ಹೊರಡಿಸಿದಾಗ ಅವುಗಳಲ್ಲಿ ಕೆಲವು ಇವನ ನಿಲುವಿಗೂ ತಗುಲುತ್ತಿದ್ದವು. 1323ರಲ್ಲಿ ಅದೇ ಮನುಷ್ಯ ಸಂತನಾದ.

ಅನ್ವಯಿಕ ನೀತಿಶಾಸ್ತ್ರ ಅಂದ್ರೆ ಏನು? ನೀತಿಕಥೆ ಥರಾನಾ?

ಆನೆ ಕಥೆ ಹೇಳುತ್ತೇನೆ, ನೀತಿ ನೀವೇ ಹುಡುಕಿ.

ನಮ್ಮ ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಕಾಡಾನೆ ಅಂದರೆ ಸಂಜೆ ಆರರ ನಂತರ ಮನೆಯಿಂದ ಹೊರಬೀಳದಿರುವುದು, ಶಾಲೆಗೆ ರಜೆ, ಭತ್ತದ ಗದ್ದೆ ಬೀಳು ಬಿಡುವುದು. ತೋಟಕ್ಕೆ ಹೋದ ಆಳು ವಾಪಸು ಬಾರದಿರುವುದೂ ಉಂಟು. ಒಬ್ಬ ಬೆಳೆಗಾರ ಸೋಲಾರ್ ಬೇಲಿ ಹಾಕುತ್ತಾನೆ. ಇನ್ನೊಬ್ಬ ರಾತ್ರೋರಾತ್ರಿ ಕಂಬದಿಂದ ನೇರ ಕರೆಂಟು ಎಳೆದು ತಂತಿಗೆ ಕೊಡುತ್ತಾನೆ, ಆನೆ ಸಾಯುತ್ತದೆ. ಎರಡನೆಯವನು ಹೇಳುವುದೇನು? ‘ನನಗೆ ಆನೆ ಸಾಯಿಸೋ ಉದ್ದೇಶ ಇರಲಿಲ್ಲ, ಬೆಳೆ ಉಳಿಸಿಕೊಳ್ಳೋದಷ್ಟೇ ಬೇಕಿತ್ತು.’

ಕ್ಯಾಥೊಲಿಕ್ ಪರಂಪರೆಯಲ್ಲಿ ಇಂಥ ಮಾತನ್ನು ತೂಗಲು ಒಂದು ತಕ್ಕಡಿ ಇದೆ, ಅಕ್ವಿನಾಸ್ ಆತ್ಮರಕ್ಷಣೆಯ ಬಗ್ಗೆ ಬರೆದದ್ದರಿಂದ ಬೆಳೆದದ್ದು. ದ್ವಿಫಲ ತತ್ವ ಎನ್ನಬಹುದು. ಒಂದೇ ಕೆಲಸದಿಂದ ಒಳ್ಳೆಯದೂ ಕೆಟ್ಟದ್ದೂ ಎರಡು ಫಲ ಬರುವಾಗ ಅದು ನಾಲ್ಕು ಪ್ರಶ್ನೆ ಕೇಳುತ್ತದೆ. ಕೆಲಸವೇ ತಪ್ಪಲ್ಲ ತಾನೆ? ಕೆಟ್ಟ ಫಲವನ್ನು ನೀನು ಬಯಸಲಿಲ್ಲ ತಾನೆ? ಆ ಕೆಟ್ಟ ಫಲವೇ ಒಳ್ಳೆಯದಕ್ಕೆ ದಾರಿಯಾಗಲಿಲ್ಲ ತಾನೆ? ಒಳ್ಳೆಯದು ಈ ಕೆಡುಕನ್ನು ಸಹಿಸುವಷ್ಟು ದೊಡ್ಡದೇ?

ಈಗ ಎರಡು ಬೇಲಿಗಳನ್ನೂ ತೂಗಿ. ಸೋಲಾರ್ ಬೇಲಿಯ ಪೆಟ್ಟು ತಿಂದ ಆನೆ ಹಿಂದಕ್ಕೆ ತಿರುಗುತ್ತದೆ, ಬೆಳೆ ಉಳಿಯುವುದು ಅದು ತಿರುಗಿ ಹೋದದ್ದರಿಂದ. ನೇರ ಕರೆಂಟಿನ ಬೇಲಿಯಲ್ಲಿ ಬೆಳೆ ಉಳಿಯುವುದೇ ಆನೆ ಸತ್ತದ್ದರಿಂದ. ಮೂರನೇ ಪ್ರಶ್ನೆಯಲ್ಲಿ ಅವನು ಸಿಕ್ಕಿಬಿದ್ದ. ಉದ್ದೇಶ ಮನಸ್ಸಿನಲ್ಲಿರುವ ಒಂದು ಮಾತಲ್ಲ, ನೀನು ಆರಿಸಿಕೊಂಡ ದಾರಿಯಲ್ಲೇ ಅದು ಬರೆದಿರುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ವಿಷಯ ಓದುತ್ತಲೇ ಇರಲಿಲ್ಲ. ಅರ್ಜುನನ ವಿಷಯಕ್ಕೆ ಬನ್ನಿ. ದಸರಾದಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಆನೆ. ಅರವತ್ತು ದಾಟಿದ ಆನೆಗೆ ಭಾರ ಹೊರಿಸಬಾರದೆಂದು 2020ರಿಂದ ಅಂಬಾರಿ ಅಭಿಮನ್ಯುವಿನ ಬೆನ್ನಿಗೆ ಹೋಯಿತು. ಅದೇ ಅರ್ಜುನನನ್ನು 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಇಳಿಸಿದ್ದಾಗ, ಒಂಟಿ ಸಲಗದ ಜೊತೆ ಕಾದಾಡಿ ಸತ್ತಿತು. ಅಂಬಾರಿಗೆ ವಯಸ್ಸಾಯಿತು, ಕಾಳಗಕ್ಕೆ ಆಗಲಿಲ್ಲವೇ? ಊರಿನವರ ಜೀವ ಉಳಿಸಲು ಸಾಕಾನೆಯ ಜೀವ ಪಣಕ್ಕಿಡಬಹುದೇ? ಮಾವುತ ಒಪ್ಪಿದ ಅನ್ನಬಹುದು, ಆನೆಯ ಒಪ್ಪಿಗೆಯನ್ನು ಯಾರು ಕೇಳಬೇಕು? ಅಕ್ವಿನಾಸ್‌ನ ತಕ್ಕಡಿ ಇಲ್ಲಿ ನಡುಗುತ್ತದೆ, ಏಕೆಂದರೆ ಪ್ರಾಣಿ ಇರುವುದು ಮನುಷ್ಯನಿಗಾಗಿ ಎಂದೇ ಅವನು ನಂಬಿದ್ದ. ಪೋಪ್ ಫ್ರಾನ್ಸಿಸ್ 2015ರಲ್ಲಿ ಪರಿಸರದ ಬಗ್ಗೆ ಬರೆದ ಬಹಿರಂಗ ಪತ್ರದಲ್ಲಿ ಪ್ರತಿ ಜೀವಿಗೂ ತನ್ನದೇ ಬೆಲೆ ಇದೆ ಎನ್ನುತ್ತಾರೆ. ಒಂದೇ ಪರಂಪರೆಯೊಳಗೆ ಈ ಎರಡು ದನಿಗಳು ಹೇಗೆ ಕೂಡುತ್ತವೆ ಎಂಬುದೇ ನನ್ನ ಎಂ.ಎ. ಪ್ರಬಂಧವಾಯಿತು. ಹೈಕೋರ್ಟ್ ನೇಮಿಸಿದ್ದ ಆನೆ ಕಾರ್ಯಪಡೆ 2012ರಲ್ಲಿ ನಮ್ಮ ಸೀಮೆಯ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಶಿಫಾರಸು ಮಾಡಿದ್ದನ್ನೂ, ಸಾಗಿಸಿದ ಮೇಲೆ ಬೇರೆ ಆನೆಗಳು ಬಂದು ಸೇರಿದ್ದನ್ನೂ ಅದರಲ್ಲಿ ಬರೆದೆ. ಅಪ್ಪನಿಗೆ ಓದಿ ಹೇಳಿದಾಗ, ‘ಇಷ್ಟು ಬರೆದೆ ಸರಿ, ಆನೆ ಬಂದಾಗ ಯಾವ ಕಡೆ ಓಡಬೇಕು ಅಂತ ಬರೀಲಿಲ್ವಲ್ಲ’ ಅಂದರು.

ಅವರ ಧರ್ಮ ಬೇಡ ಅನ್ನೋದನ್ನ ಕ್ಲಾಸಲ್ಲಿ ಸರಿ ಅಂತ ವಾದಿಸಬಹುದಾ? ಮಾರ್ಕ್ಸ್ ಕಟ್ ಆಗಲ್ವಾ?

ಗರ್ಭಪಾತ, ದಯಾಮರಣ, ಗಲ್ಲು ಶಿಕ್ಷೆ, ಪ್ರನಾಳ ಶಿಶು. ಇವುಗಳ ಬಗ್ಗೆ ಚರ್ಚಿನ ನಿಲುವು ಸ್ಪಷ್ಟ, ಅದನ್ನು ಮರೆಮಾಚುವುದಿಲ್ಲ. ವಾದಿಸಬಹುದು. ಮೇಲೆ ಹೇಳಿದ ನಿಯಮ ಪಾಲಿಸಬೇಕು ಅಷ್ಟೇ.

ನಮಗೆ ಜೀವನೀತಿ (ಹುಟ್ಟು, ಸಾವು, ಚಿಕಿತ್ಸೆಗಳ ನೀತಿಪ್ರಶ್ನೆಗಳು) ಹೇಳಿಕೊಟ್ಟ ಫಾದರ್ ಸಾವಿನ ಪಾಠವನ್ನು ಶುರುಮಾಡಿದ್ದು ಶ್ರವಣಬೆಳಗೊಳದಿಂದ. ಹಾಸನದವಳು ಎಂದು ನನ್ನನ್ನೇ ಎಬ್ಬಿಸಿ, ಜೈನರ ಉಪವಾಸ ಮರಣದ ವ್ರತವಾದ ಸಲ್ಲೇಖನದ ಪರವಾಗಿ ವಾದಿಸಲು ಹೇಳಿದರು. ಚಿಕ್ಕಬೆಟ್ಟಕ್ಕೆ ಎಷ್ಟೋ ಸಲ ಹತ್ತಿದ್ದೆ, ಅಲ್ಲಿನ ಬಂಡೆಗಳ ಮೇಲಿನ ಹಳೆಯ ಶಾಸನಗಳು ಅನ್ನ ನೀರು ಬಿಟ್ಟು ಮುಡಿಪಿದವರ ನೆನಪಿನವು ಎಂದೂ ಗೊತ್ತಿತ್ತು. ಆದರೆ ಅದು ಆತ್ಮಹತ್ಯೆಯಿಂದ ಹೇಗೆ ಬೇರೆ ಎಂದು ಯಾವತ್ತೂ ಯೋಚಿಸಿರಲಿಲ್ಲ. ಜೈನ ಗೆಳತಿಯೊಬ್ಬಳ ತಾಯಿಗೆ ಫೋನ್ ಮಾಡಿ ಕೇಳಿದೆ. ‘ಸಾಯಬೇಕು ಅನ್ನೋ ಆಸೆನೂ ದೋಷವೇ ಕಣಮ್ಮ, ಬದುಕಬೇಕು ಅನ್ನೋ ಆಸೆ ಹಾಗೇನೇ’ ಅಂದರು. ಅದನ್ನೇ ವಾದದ ನಡುಗಂಬ ಮಾಡಿಕೊಂಡೆ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟಿನಲ್ಲಿ ಇದನ್ನು ಕಾನೂನುಬಾಹಿರ ಎಂದದ್ದು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟದ್ದು ಎರಡನ್ನೂ ಎದುರಿಗಿಟ್ಟೆ.

ಎದುರು ಬದಿಗೆ ನಿಂತ, ಫಾದರ್ ಆಗಲು ಓದುತ್ತಿದ್ದ ಬ್ರದರ್ ಒಬ್ಬ ಚರ್ಚಿನ ವಾದ ಮಂಡಿಸಿದ. ಬೇಕೆಂದು ಜೀವ ತೆಗೆಯುವುದು, ತೆಗೆದುಕೊಳ್ಳುವುದು ಎರಡೂ ಸಲ್ಲದು. ಆದರೆ ಪ್ರಯೋಜನವಿಲ್ಲದ, ಹೊರೆಯಾದ ಚಿಕಿತ್ಸೆಯನ್ನು ಬಿಡಬಹುದು, 1957ರಲ್ಲೇ ಪೋಪ್ ಹನ್ನೆರಡನೇ ಪಯಸ್ ಅರಿವಳಿಕೆ ವೈದ್ಯರಿಗೆ ಹಾಗೆ ಹೇಳಿದ್ದಾರೆ ಎಂದ. ಇದು ನನಗೆ ಹೊಸದು. ಕ್ಯಾಥೊಲಿಕರು ಕೊನೆಯ ಉಸಿರಿನವರೆಗೂ ವೆಂಟಿಲೇಟರ್ ತೆಗೆಯಬಾರದು ಅನ್ನುತ್ತಾರೆ ಎಂದುಕೊಂಡಿದ್ದೆ. ಅಲ್ಲಿಂದ ಚರ್ಚೆ ಅರುಣಾ ಶಾನಭಾಗರ ಕಡೆ ಹೊರಳಿತು. ನಮ್ಮ ಉತ್ತರ ಕನ್ನಡದ ಹಳದೀಪುರದ ಹೆಣ್ಣುಮಗಳು, ಮುಂಬೈಯ ಆಸ್ಪತ್ರೆಯಲ್ಲಿ ನಾಲ್ಕು ದಶಕ ಮಲಗಿದ್ದವರು. ಅವರ ವಿಷಯದಲ್ಲಿ ಸುಪ್ರೀಂ ಕೋರ್ಟಿನ 2011ರ ತೀರ್ಪು, ಆಮೇಲೆ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿದ 2018ರ ತೀರ್ಪು. ಅದನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿತು. ಆ ಸುದ್ದಿ ಓದಿದ ದಿನ ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪು ಮಧ್ಯರಾತ್ರಿವರೆಗೆ ನಿದ್ದೆ ಮಾಡಲಿಲ್ಲ.

ಮಾರ್ಕ್ಸು ಎಷ್ಟು ಬಂತು ಅಂದಿರಾ? ನನಗೆ ಆ ಬ್ರದರಿಗಿಂತ ಎರಡು ಜಾಸ್ತಿ.

ಕ್ಲಾಸ್ ತುಂಬಾ ಬ್ರದರ್, ಸಿಸ್ಟರ್‌ಗಳೇ ಇರ್ತಾರಂತೆ?

ಇರುತ್ತಾರೆ. ಫಾದರ್ ಆಗಬೇಕಾದರೆ ದೈವಶಾಸ್ತ್ರಕ್ಕೆ ಮೊದಲು ತತ್ವಶಾಸ್ತ್ರ ಕಡ್ಡಾಯ. ಗುರುಮಠದ (ಫಾದರ್ ಆಗುವವರ ತರಬೇತಿ ಮನೆ, ಸೆಮಿನರಿ) ಹುಡುಗರು ಬೆಳಿಗ್ಗೆ ಐದಕ್ಕೆ ಎದ್ದು ಓದುವವರು, ನೋಟ್ಸ್ ಅಚ್ಚುಕಟ್ಟು, ಕೇಳಿದರೆ ಕೊಡುತ್ತಾರೆ. ಕ್ರಿಕೆಟ್ಟಿನಲ್ಲಿ ಮೋಸ ಮಾಡುತ್ತಾರೆ.

ನಮ್ಮ ಹುಡುಗ ಕನ್ನಡ ಮೀಡಿಯಂ. ನಿಭಾಯಿಸ್ತಾನಾ?

ಮೊದಲ ಆರು ತಿಂಗಳು ಕಷ್ಟ. ಸುಳ್ಳು ಹೇಳುವುದಿಲ್ಲ. ಆದರೆ ಇಲ್ಲಿನ ಕಷ್ಟ ಇಂಗ್ಲಿಷ್ ಮೀಡಿಯಂನವರಿಗೂ ಇದ್ದದ್ದೇ. ಕಾಂಟ್‌ನ ಒಂದು ಪುಟ ಯಾರಿಗೂ ಸಲೀಸಲ್ಲ. ನಾನು ಮಾಡಿದ್ದು ಇಷ್ಟು: ಪ್ರತಿ ವಾದವನ್ನೂ ಮೊದಲು ಕನ್ನಡದಲ್ಲಿ ನಾಲ್ಕು ಸಾಲಿಗೆ ಇಳಿಸಿ, ಅಪ್ಪನಿಗೆ ಫೋನಿನಲ್ಲಿ ಹೇಳುವುದು. ಅವರಿಗೆ ಅರ್ಥವಾಗದಿದ್ದರೆ ನನಗೂ ಆಗಿಲ್ಲ ಎಂದರ್ಥ. ನಮ್ಮಲ್ಲಿ ಪ್ರತ್ಯಕ್ಷ, ಅನುಮಾನ, ಪ್ರಮಾಣ, ಹೇತು ಎಂಬ ಮಾತುಗಳು ಮೊದಲೇ ಇವೆ. ‘ಅನುಮಾನ’ ಅಂದರೆ ಸಂಶಯ ಎಂದು ಊರಲ್ಲಿ ಬಳಸುತ್ತೇವೆ, ನ್ಯಾಯಶಾಸ್ತ್ರದಲ್ಲಿ ಅದು ಹೊಗೆ ಕಂಡು ಬೆಂಕಿ ಊಹಿಸುವ ಖಚಿತ ಜ್ಞಾನ. ಇಂಥದ್ದು ಗೊತ್ತಿದ್ದವನಿಗೆ ಅರ್ಧ ದಾರಿ ಕಳೆದಂತೆ. ಪಿಯುಸಿಯಲ್ಲಿ ತರ್ಕಶಾಸ್ತ್ರ ಐಚ್ಛಿಕವಾಗಿ ತೆಗೆದುಕೊಳ್ಳುವ ಅವಕಾಶವಿದ್ದರೆ ತೆಗೆದುಕೊಳ್ಳಲಿ. ನನ್ನ ಹೊಟ್ಟೆಪಾಡಿಗೆ ಹೇಳುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ.

ಸೈನ್ಸ್, ಕಾಮರ್ಸ್ ಓದಿದವರು ಸೇರಬಹುದಾ?

ಸೇರಬಹುದು. ನನ್ನ ಜೊತೆ ನರ್ಸಿಂಗ್ ಮುಗಿಸಿ ಬಂದವರೊಬ್ಬರಿದ್ದರು, ಜೀವನೀತಿಯ ಕ್ಲಾಸಿನಲ್ಲಿ ನಮಗೆಲ್ಲ ಅವರೇ ಮೇಷ್ಟ್ರು.

ಸರ್ಕಾರಿ ಯೂನಿವರ್ಸಿಟಿಲಿ ಕಡಿಮೆ ಫೀಸಲ್ಲಿ ಓದಬಾರದಾ?

ಖಂಡಿತ ಓದಬಹುದು. ಮೈಸೂರು ಹತ್ತಿರವಿದೆ, ಅಲ್ಲಿನ ಪರಂಪರೆಯೂ ಸಣ್ಣದಲ್ಲ. ರಾಧಾಕೃಷ್ಣನ್ 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು, ಎಂ. ಹಿರಿಯಣ್ಣನವರು ಅಲ್ಲೇ ಪಾಠ ಹೇಳಿದವರು. ಭಾರತೀಯ ದರ್ಶನವೇ ಮುಖ್ಯ ಅನ್ನುವವರು ಅಲ್ಲಿ ವಿಚಾರಿಸಿ. ಫಾದರ್‌ಗಳ ಕಡೆ ಫೀಸು ಹೆಚ್ಚು, ಬೆಂಗಳೂರಿನ ಹಾಸ್ಟೆಲ್ ಖರ್ಚು ಇನ್ನೂ ಹೆಚ್ಚು. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದಲ್ಲದೆ, ಸಂಸ್ಥೆಯೊಳಗೇ ಬಡ ಮಕ್ಕಳಿಗೆ ರಿಯಾಯಿತಿ ಇದೆಯೇ ಎಂದು ಆಫೀಸಿನಲ್ಲಿ ಬಾಯಿಬಿಟ್ಟು ಕೇಳಿ. ಕೇಳಿದವರಿಗೆ ಸಿಕ್ಕಿದ್ದನ್ನು ನೋಡಿದ್ದೇನೆ.

ಓದಿ ಕೆಲಸ ಏನ್ ಸಿಗುತ್ತೆ?

ಕ್ಯಾಂಪಸ್ಸಿಗೆ ಕಂಪನಿಗಳು ಬಂದು ‘ತತ್ವಜ್ಞಾನಿಗಳು ಬೇಕಾಗಿದ್ದಾರೆ’ ಎಂದು ಕೂಗುವುದಿಲ್ಲ. ಅಧ್ಯಾಪನಕ್ಕೆ ನೆಟ್‌ನಲ್ಲಿ ತತ್ವಶಾಸ್ತ್ರ ಒಂದು ವಿಷಯ, ಆದರೆ ನಮ್ಮ ರಾಜ್ಯದಲ್ಲಿ ಹುದ್ದೆಗಳು ಬೆರಳೆಣಿಕೆ. ಯುಪಿಎಸ್‌ಸಿ ಬರೆಯುವವರಿಗೆ ನಿಜವಾದ ಉಪಯೋಗವಿದೆ. ಮುಖ್ಯ ಪರೀಕ್ಷೆಯಲ್ಲಿ ನೀತಿ, ಪ್ರಾಮಾಣಿಕತೆಯ ಪತ್ರಿಕೆ 2013ರಿಂದ ಇದೆ, 250 ಅಂಕ. ತತ್ವಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡರೆ ಇನ್ನೂ 500. ಕಾನೂನು, ಪತ್ರಿಕೋದ್ಯಮ, ಸ್ವಯಂಸೇವಾ ಸಂಸ್ಥೆಗಳ ಕಡೆ ಹೋದವರೂ ಇದ್ದಾರೆ.

ಜನರಿಗೆ ಗೊತ್ತಿಲ್ಲದ ಒಂದು ಬಾಗಿಲನ್ನೂ ಹೇಳುತ್ತೇನೆ. ಹೊಸ ಔಷಧಿಯನ್ನು ಮನುಷ್ಯರ ಮೇಲೆ ಪ್ರಯೋಗ ಮಾಡುವ ಆಸ್ಪತ್ರೆಗಳಲ್ಲಿ ನೀತಿ ಸಮಿತಿ ಇರಲೇಬೇಕು. 2019ರ ನಿಯಮದ ಪ್ರಕಾರ ಕನಿಷ್ಠ ಏಳು ಜನ, ಅಧ್ಯಕ್ಷರು ಹೊರಗಿನವರಾಗಿರಬೇಕು, ಒಬ್ಬ ಸಾಮಾನ್ಯ ನಾಗರಿಕ, ಒಬ್ಬ ಕಾನೂನು ಬಲ್ಲವರು. ಇನ್ನೊಂದು ಕುರ್ಚಿ ಸಮಾಜ ವಿಜ್ಞಾನಿ, ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ, ತತ್ವಜ್ಞಾನಿ, ನೀತಿಶಾಸ್ತ್ರಜ್ಞ, ದೈವಶಾಸ್ತ್ರಜ್ಞ ಇಂಥವರಲ್ಲಿ ಒಬ್ಬರಿಗೆ. ಇದು ಸಂಬಳದ ಕೆಲಸವಲ್ಲ, ಆದರೆ ತತ್ವಜ್ಞಾನಿ ಎಂಬ ಪದವನ್ನು ಸರ್ಕಾರಿ ನಿಯಮದಲ್ಲಿ ಮೊದಲ ಸಲ ಕಂಡಾಗ ನಾನು ಆ ಪುಟವನ್ನು ಪ್ರಿಂಟ್ ತೆಗೆದು ಮನೆಗೆ ಕಳಿಸಿದ್ದೆ.

ಇದೆಲ್ಲ ದೊಡ್ಡೋರ ಮಾತಾಯ್ತು. ತೋಟದ ಲೈನ್ ಮನೆ ಮಕ್ಕಳಿಗೆ ಇದರಿಂದ ಏನು?

ಕೇಳಿದವರು ಮೂಡಿಗೆರೆ ಕಡೆಯ ತೋಟದಲ್ಲಿ ಕೆಲಸ ಮಾಡುವ ಒಬ್ಬ ತಾಯಿ. ನನಗೆ ಬಂದ ಪ್ರಶ್ನೆಗಳಲ್ಲಿ ಇದೇ ಮೇಲು.

ಹದಿಮೂರನೇ ಲಿಯೋ ಎಂಬ ಪೋಪ್ 1891ರಲ್ಲಿ ಕಾರ್ಮಿಕರ ಬಗ್ಗೆ ಒಂದು ಬಹಿರಂಗ ಪತ್ರ ಬರೆದರು. ಆಳು ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಹಿತಮಿತವಾಗಿ ಬಾಳುವ ಆಳಿನ ಹೊಟ್ಟೆ ಬಟ್ಟೆಗೆ ಸಾಲುವಷ್ಟಿರಬೇಕು ಎಂಬುದು ಅದರ ಒಂದು ತಿರುಳು. ಒಪ್ಪಂದವಾಯಿತು, ಸಹಿ ಬಿತ್ತು, ಇನ್ನೇನು ಎಂಬ ವಾದಕ್ಕೆ ಅದು ಕೊಟ್ಟ ಉತ್ತರ. ಅಪ್ಪ ರೈಟರ್ ಆಗಿದ್ದಾಗ ಶನಿವಾರ ಬಟವಾಡೆ ಮಾಡುವುದನ್ನು ನೋಡಿ ಬೆಳೆದವಳು ನಾನು. ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಲೈನ್ ಮನೆ, ಅವರ ಮಕ್ಕಳಿಗೆ ಕೂಸಿನ ಮನೆ, ಕುಡಿಯುವ ನೀರು ಕೊಡಬೇಕೆಂದು 1951ರ ಪ್ಲಾಂಟೇಶನ್ ಕಾನೂನು ಹೇಳುತ್ತಿತ್ತು ಎಂದು ನನಗೆ ತಿಳಿದದ್ದು ಬೆಂಗಳೂರಿನ ಆ ಕ್ಲಾಸಿನಲ್ಲಿ, ಲೈನ್ ಮನೆಯ ಪಕ್ಕದಲ್ಲೇ ಹದಿನೆಂಟು ವರ್ಷ ಇದ್ದವಳಿಗೆ. ಈಗ ಅಸ್ಸಾಮಿನಿಂದ ಬಂದು ಅದೇ ಲೈನಿನಲ್ಲಿರುವವರಿಗೆ ಅದನ್ನು ಅವರ ಭಾಷೆಯಲ್ಲಿ ಹೇಳುವವರು ಯಾರು ಎಂಬುದು ಮುಂದಿನ ಪ್ರಶ್ನೆ. 2025ರಲ್ಲಿ ಆರಿಸಿಬಂದ ಪೋಪ್ ಕೂಡ ಲಿಯೋ ಎಂಬ ಹೆಸರನ್ನೇ ಇಟ್ಟುಕೊಂಡರು. ಅಂದಿನ ಕಾರ್ಖಾನೆಗಳ ಹಾಗೆ ಇಂದು ಕೃತಕ ಬುದ್ಧಿಮತ್ತೆ ದುಡಿಯುವವರ ಮುಂದೆ ನಿಂತಿದೆ ಎಂಬುದು ಅವರು ಕೊಟ್ಟ ಕಾರಣ. ಆ ತಾಯಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ‘ನಿಮ್ಮ ಮಗಳು ಓದಿದರೆ ಬಟವಾಡೆ ಪುಸ್ತಕ ಓದಿ ಪ್ರಶ್ನೆ ಕೇಳ್ತಾಳೆ’ ಅಂದೆ. ‘ಹಂಗಾದ್ರೆ ಸಾಹುಕಾರ್ರು ಬಿಡ್ತಾರಾ’ ಅಂದರು.

ವಿದೇಶಕ್ಕೆ ಹೋಗೋಕೆ ದಾರಿ ಇದೆಯಾ?

ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯ ಇದಕ್ಕೆ ಹೆಸರುವಾಸಿ. 1425ರಲ್ಲಿ ಸ್ಥಾಪನೆಯಾದದ್ದು, ಅಂದರೆ ವಿಜಯನಗರದಲ್ಲಿ ಎರಡನೇ ದೇವರಾಯ ಆಳುತ್ತಿದ್ದ ಕಾಲ. ಅಲ್ಲಿನ ತತ್ವಶಾಸ್ತ್ರ ಸಂಸ್ಥೆ 1889ರದು, ಇಂಗ್ಲಿಷಿನಲ್ಲೂ ಪಾಠ ಇದೆ. ನಾಜಿಗಳ ಕಾಲದಲ್ಲಿ ಯಹೂದಿ ಮೂಲದ ತತ್ವಜ್ಞಾನಿ ಹುಸ್ಸರ್ಲ್ ತೀರಿಕೊಂಡಾಗ ಅವನ ಸುಮಾರು 40 ಸಾವಿರ ಪುಟ ಹಸ್ತಪ್ರತಿಯನ್ನು ಫ್ರಾನ್ಸಿಸ್ಕನ್ ಸನ್ಯಾಸಿಯೊಬ್ಬ ಜರ್ಮನಿಯಿಂದ ಅಲ್ಲಿಗೆ ಸಾಗಿಸಿ ಉಳಿಸಿದ. ಹೋಗುವ ಆಸೆ ಇದ್ದವರು ಡಿಗ್ರಿಯ ಎರಡನೇ ವರ್ಷದಲ್ಲೇ ಲ್ಯಾಟಿನ್ ಅಥವಾ ಜರ್ಮನ್ ಶುರುಮಾಡಿ.

ಸೇರೋಕೆ ಮೊದಲು ಒಂದ್ಸಲ ನೋಡಿಕೊಂಡು ಬರಬಹುದಾ?

ಬರಬಹುದು, ಬರಲೇಬೇಕು. ವಿಭಾಗದ ಮುಖ್ಯಸ್ಥರಿಗೆ ಒಂದು ಇಮೇಲ್ ಹಾಕಿ, ಒಂದು ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರಬಹುದೇ ಎಂದು ಕೇಳಿ. ಬೇಡ ಎಂದವರು ನನಗೆ ಗೊತ್ತಿರುವಂತೆ ಕಡಿಮೆ. ಹಾಸನದಿಂದ ಬೆಂಗಳೂರಿಗೆ ಕುಣಿಗಲ್ ಮೇಲೆ ಹೋಗುವ ರೈಲು ಸುಖ. ಮಂಗಳೂರಿಗಾದರೆ ಜುಲೈ, ಆಗಸ್ಟಿನಲ್ಲಿ ಹೊರಡಬೇಡಿ, ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದು ಬಸ್ಸಿನಲ್ಲೇ ರಾತ್ರಿ ಕಳೆಯುವ ಹಾಗಾದೀತು. ಮಗಳ ಜೊತೆ ಅಪ್ಪನೂ ಕ್ಲಾಸಿಗೆ ಹೋಗಿ ಕೂರಲಿ. ಹೋದ ವರ್ಷ ಅರಸೀಕೆರೆಯ ತೆಂಗಿನ ವ್ಯಾಪಾರಿಯೊಬ್ಬರು ಹಾಗೆ ಕೂತವರು, ಕ್ಲಾಸು ಮುಗಿಯುವ ಮೊದಲೇ ಕೈ ಎತ್ತಿ ಪ್ರಶ್ನೆ ಕೇಳಿದರಂತೆ.